ಸಹಾಯ ಬೇಕು: ಬಾರ್ ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ತೆಗೆಸೋದು ಹೇಗೆ?

ನಮ್ಮ ಏರಿಯಾದ ಒಂದು ಬಾರ್ ಅಂಡ್ ರೆಸ್ಟೋರೆಂಟ್‌ಗೆ ಮನೆಯವರೆಲ್ಲ ಆಗಾಗ ಹೋಗುತ್ತೇವೆ. ಮೇಲ್ಗಡೆ ಫ್ಯಾಮಿಲಿ ಸೆಕ್ಷನ್ ಇದೆ, ಗಲಾಟೆ ಇಲ್ಲ. ಅಲ್ಲಿನ ಚಿಕನ್ ಘೀ ರೋಸ್ಟ್, ನೀರ್ ದೋಸೆ ಬಿಟ್ಟಿರೋಕೆ ಆಗಲ್ಲ. ಮಸಾಲೆ ಕಡಲೆಬೀಜಕ್ಕೂ ಕಂಜೂಸಿ ಮಾಡದೆ ನಿಂಬೆಹಣ್ಣು ಹಿಂಡುತ್ತಾರೆ.

ಈಗೀಗ ಕೇಳದೆಯೇ ಬಿಲ್‌ನಲ್ಲಿ 10% ಸರ್ವಿಸ್ ಚಾರ್ಜ್ ಹಾಕುತ್ತಿದ್ದಾರೆ. ಕೇಳಿದರೆ ‘ಎಲ್ಲಾ ಕಡೆ ಇದೆ ಸಾರ್’ ಅನ್ನುತ್ತಾರೆ. ಹೀಗೆ ಹಾಕುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿತ್ತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಸಪ್ಲೈಯರ್‌ಗೆ ಟಿಪ್ಸ್ ನಾವು ಕೈಗೇ ಕೊಡುತ್ತೇವೆ, ಅದು ಬೇರೆ ಮಾತು.

ಯಾರಾದರೂ ಇದನ್ನು ತೆಗೆಸಿದ್ದೀರಾ? 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಕೆಲಸ ಆಗುತ್ತಾ? ಜಗಳ ಮಾತ್ರ ಬೇಡ, ಶನಿವಾರ ಮತ್ತೆ ಅಲ್ಲಿಗೇ ಹೋಗಬೇಕು!