ಶಿವಮೊಗ್ಗದಿಂದ ಜರ್ಮನಿಗೆ ಹೋಗ್ತಿದೀವಿ, ಮಕ್ಕಳನ್ನ ಯಾವ ಸ್ಕೂಲಿಗೆ ಹಾಕೋದು?

ವಿನೋಬನಗರದಮ್ಮ

ಎಲ್ರಿಗೂ ನಮಸ್ಕಾರ. ನಮ್ಮನೆಯವ್ರಿಗೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಆಗಿದೆ, ಜುಲೈ ಹೊತ್ತಿಗೆ ನಾಲ್ಕೂ ಜನ ಹೊರಡೋದು ಅಂತ ಇದೆ. ಮಗಳು ಈಗ ನಾಲ್ಕನೇ ಕ್ಲಾಸ್ ಮುಗಿಸ್ತಾಳೆ, ಸಿಬಿಎಸ್‌ಇ. ಮಗ ಯುಕೆಜಿ, ಮೇ ತಿಂಗಳಲ್ಲಿ ಆರು ತುಂಬುತ್ತೆ. ಅಲ್ಲಿನ ಇಂಟರ್‌ನ್ಯಾಷನಲ್ ಸ್ಕೂಲ್ ಫೀಸ್ ಕೇಳಿ ನಮ್ಮತ್ತೆ "ಈ ದುಡ್ಡಲ್ಲಿ ಇಲ್ಲೊಂದು ಸೈಟೇ ತಗೋಬಹುದಲ್ಲೇ" ಅಂದ್ರು. ಸರ್ಕಾರಿ ಸ್ಕೂಲು ಫ್ರೀ ಅಂತೆ ಆದ್ರೆ ಪಾಠ ಎಲ್ಲ ಜರ್ಮನ್ನಲ್ಲೇ ಅಂತೆ, ಮೂರು ವರ್ಷದ ಕಾಂಟ್ರಾಕ್ಟು, ಆಮೇಲೆ ಅಲ್ಲೇ ಇರ್ತೀವಾ ವಾಪಸ್ ಬರ್ತೀವಾ ದೇವ್ರಿಗೇ ಗೊತ್ತು. ಒಂದೆರಡು ಒಳ್ಳೆ ಸ್ಕೂಲ್ ಹೆಸ್ರು ಹೇಳಿದ್ರೆ ಇಲ್ಲಿಂದ್ಲೇ ಅಡ್ಮಿಶನ್ ಮಾಡ್ಸಿ ಆಮೇಲೆ ಅದ್ರ ಹತ್ರ ಮನೆ ನೋಡೋಣ ಅಂತಿದೀವಿ.

ಮಂಡಗದ್ದೆ ಹಕ್ಕಿ

ಅಕ್ಕ, ನೀವು ಹೇಳಿದ್ದು ಪೂರ್ತಿ ಉಲ್ಟಾ ಆಯ್ತು ನೋಡಿ 😀 ಇಲ್ಲಿ ಸ್ಟುಟ್‌ಗಾರ್ಟ್ ಕಡೆ ಮೊದ್ಲು ಮನೆ, ಆಮೇಲೆ ಸ್ಕೂಲು. ಮನೆ ಸಿಕ್ಕ ಮೇಲೆ ಅಡ್ರೆಸ್ ರಿಜಿಸ್ಟರ್ ಮಾಡಿಸ್ಬೇಕು, ಆನ್‌ಮೆಲ್ಡುಂಗ್ ಅಂತಾರೆ, ಆ ಅಡ್ರೆಸ್ ಮೇಲೇ ಪ್ರೈಮರಿ ಸ್ಕೂಲ್ ಯಾವ್ದು ಅಂತ ಆಗ್ತದೆ. ಡೊನೇಷನ್ ಇಲ್ಲ, ಇಂಟರ್‌ವ್ಯೂ ಇಲ್ಲ, ಎಂಎಲ್‌ಎ ಲೆಟರ್ರೂ ನಡೆಯಲ್ಲ. ಹಂಗಾಗಿ ಸ್ಕೂಲ್ ಹೆಸ್ರು ಹುಡುಕೋ ಬದ್ಲು ಏರಿಯಾ ನೋಡಿ.

ಮಗನ ಬಗ್ಗೆ ತಲೆ ಕೆಡಿಸ್ಕೋಬೇಡಿ. ಜೂನ್ 30ರೊಳಗೆ ಆರು ತುಂಬೋದ್ರಿಂದ ಸೆಪ್ಟೆಂಬರ್‌ಗೆ ಒಂದನೇ ಕ್ಲಾಸು, ಎಲ್ಲರ ಜೊತೆ ಅವನೂ ಅಕ್ಷರ ಶುರು ಮಾಡ್ತಾನೆ. ಮೊದಲ್ನೇ ದಿನ ಮಕ್ಕಳಿಗೆ ದೊಡ್ಡದೊಂದು ಪೇಪರ್ ಕೋನ್ ಕೊಡ್ತಾರೆ, ಒಳಗೆ ಚಾಕಲೇಟು, ಪೆನ್ಸಿಲ್ಲು. ತುಂಬಿಸೋದು ಅಪ್ಪ ಅಮ್ಮನ ಕೆಲ್ಸ, ಅದನ್ನ ಮಾತ್ರ ಮರೀಬೇಡಿ, ಎಲ್ಲರ ಕೈಲೂ ಇದ್ದು ಅವನ ಕೈಲಿ ಇಲ್ಲ ಅಂದ್ರೆ ಅವತ್ತು ಮನೇಲಿ ರಂಪ.

ಯೋಚ್ನೆ ಮಾಡ್ಬೇಕಾಗಿರೋದು ಮಗಳ ಬಗ್ಗೆ. ಇಲ್ಲಿ ಪ್ರೈಮರಿ ನಾಲ್ಕಕ್ಕೆ ಮುಗೀತದೆ, ಐದರಿಂದ ಮಕ್ಕಳು ಬೇರೆ ಬೇರೆ ತರದ ಸ್ಕೂಲಿಗೆ ಹೋಗ್ತಾರೆ, ಗಿಮ್ನಾಸಿಯಂ, ರಿಯಾಲ್‌ಶೂಲೆ ಹಿಂಗೆ. ಯೂನಿವರ್ಸಿಟಿಗೆ ನೇರ ದಾರಿ ಗಿಮ್ನಾಸಿಯಂ. ಯಾವ್ದಕ್ಕೆ ಹೋಗ್ಬಹುದು ಅಂತ ನಾಲ್ಕನೇ ಕ್ಲಾಸಿನ ಟೀಚರ್ ಶಿಫಾರಸು ಬರೀತಾರೆ, ನಿಮ್ಮ ಮಗಳು ಕರೆಕ್ಟಾಗಿ ಆ ತಿರುವಿಗೇ ಬಂದು ಇಳೀತಿದಾಳೆ. ಭಾಷೆ ಬರದ ಮಕ್ಕಳಿಗೆ ಮೊದ್ಲು ಜರ್ಮನ್ ಕಲಿಸೋ ಪ್ರಿಪರೇಟರಿ ಕ್ಲಾಸ್ ಇದೆ, ಅದು ಯಾವ ಸ್ಕೂಲಲ್ಲಿದೆ ಅಂತ ಕೇಳಿ. ನನ್ನ ಕೇಳಿದ್ರೆ ಗೆಮೈನ್‌ಶಾಫ್ಟ್ಸ್‌ಶೂಲೆ ಅಂತ ಇನ್ನೊಂದು ತರದ್ದಿದೆ, ಎಲ್ಲಾ ಲೆವೆಲ್ ಮಕ್ಕಳೂ ಒಟ್ಟಿಗೆ ಓದ್ತಾರೆ, ಅಲ್ಲಿ ಹಾಕಿ ಭಾಷೆ ಬಂದ್ಮೇಲೆ ಬದಲಾಯಿಸ್ಬಹುದು. ಮ್ಯಾಥ್ಸ್, ಇಂಗ್ಲಿಷ್ ಎರಡ್ರಲ್ಲೂ ಅವಳು ಹೆದರೋದೇನಿಲ್ಲ.

ಸಾಗರದ ಭಾವ

ಮೇಲಿನವ್ರು ಹೇಳಿದ್ದು ಅಲ್ಲೇ ಸೆಟ್ಲ್ ಆಗೋರಿಗೆ ಸರಿ. ಮೂರು ವರ್ಷಕ್ಕೆ ವಾಪಸ್ ಅಂದ್ರೆ ಮಗಳು ಬರೋದು ಏಳನೇ ಎಂಟನೇ ಕ್ಲಾಸಿಗೆ, ಆಗ ಸೋಷಿಯಲ್ಲು ಸೈನ್ಸು ಎಲ್ಲ ಜರ್ಮನ್ನಲ್ಲಿ ಓದಿದವ್ಳು ಇಲ್ಲಿ ಬಂದು ಎಂತ ಮಾಡ್ಬೇಕು? ಜೊತೆಗೆ 2015ರ ಕಾಯ್ದೆ ಪ್ರಕಾರ ಇಲ್ಲಿ ಸಿಬಿಎಸ್‌ಇಲೂ ಕನ್ನಡ ಇದೆ, ಮನೇಲಿ ಓದಿಸ್ತಾ ಇರ್ಬೇಕು. ಇಂಟರ್‌ನ್ಯಾಷನಲ್ ಸ್ಕೂಲ್ ವರ್ಷಕ್ಕೆ 15 ಸಾವಿರ ಯೂರೋ ದಾಟೋದು ಮಾಮೂಲು, ಕೈಯಿಂದ ಕಟ್ಟೋ ಮಾತಲ್ಲ. ಆದ್ರೆ ಎಷ್ಟೋ ಕಂಪನಿ ಕೊಡ್ತವೆ, ಕೇಳ್ಬೇಕು ಅಷ್ಟೇ, ಅದೂ ಸೈನ್ ಹಾಕೋಕ್ ಮುಂಚೆ.

ಕೊಪ್ಪದ ಹುಡ್ಗ

ಮನೇಲೇ ಕೂತು ಇಂಡಿಯಾದ ಆನ್‌ಲೈನ್ ಸ್ಕೂಲ್ ಮುಂದುವರಿಸಿದ್ರೆ ಆಗಲ್ವಾ? ತಲೆನೋವೇ ಇಲ್ಲ.

ಮಂಡಗದ್ದೆ ಹಕ್ಕಿ

ಆಗಲ್ಲ ಮಾರಾಯ. ಇಲ್ಲಿ ಮಕ್ಕಳು ಸ್ಕೂಲಿಗೆ ಹೋಗ್ಲೇಬೇಕು, ಮನೇಲಿ ಓದಿಸ್ತೀನಿ ಅಂದ್ರೆ ಕಾನೂನು ಒಪ್ಪಲ್ಲ. ಅಷ್ಟೇ ಅಲ್ಲ, ತಮ್ಮನ ಮದ್ವೆ ಅಂತ ಸ್ಕೂಲ್ ಇರೋವಾಗ ಪರ್ಮಿಷನ್ ಇಲ್ದೆ ಕರ್ಕೊಂಡು ಬಂದ್ರೆ ಫೈನ್ ಬೀಳ್ಬಹುದು. ದೊಡ್ಡ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಮಧ್ಯದ ತನಕ, ಅಂದ್ರೆ ನಮ್ಮ ಮಕ್ಕಳು ಅಜ್ಜಿ ಮನೆಗೆ ಬರೋದೇ ಜಡಿಮಳೇಲಿ, ಮಾವಿನ ಹಣ್ಣು ಮುಗಿದಿರ್ತದೆ, ಕರೆಂಟಂತೂ ಇರಲ್ಲ. ಡಿಸಿ ಕೊಡೋ ಮಳೆ ರಜೆ ಕೂಡ ಇಲ್ಲಿಲ್ಲ, ಮಗಳಿಗೆ ಮುಂಚೆನೇ ಹೇಳಿಡಿ.

ತುಂಗೆ ದಡ

ನಾನು ಕ್ಲಿನಿಕ್ಕಲ್ಲಿ ಕೆಲ್ಸ ಮಾಡೋದು, ಒಂದು ಮಾತು. 2020ರ ಮಾರ್ಚಿಂದ ಜರ್ಮನಿಲಿ ದಡಾರದ ಲಸಿಕೆ ಆಗಿದ್ದಕ್ಕೆ ದಾಖಲೆ ಸ್ಕೂಲಿಗೆ ತೋರಿಸ್ಬೇಕು, ಎರಡು ಡೋಸ್. ನಮ್ಮ ತಾಯಿ ಕಾರ್ಡ್ ಕನ್ನಡದಲ್ಲಿರ್ತದೆ, ಎಷ್ಟೋ ಜನರದ್ದು ನೀರು ಬಿದ್ದು ತಾರೀಕೇ ಅಳಿಸಿ ಹೋಗಿರ್ತದೆ. ಈಗ್ಲೇ ಹುಡುಕಿ, ಡಾಕ್ಟರ್ ಹತ್ರ ಇಂಗ್ಲಿಷಲ್ಲಿ ಬರೆಸಿ ಸೀಲ್ ಹಾಕಿಸ್ಕೊಳ್ಳಿ. ಟಿಸಿ, ಮಾರ್ಕ್ಸ್ ಕಾರ್ಡ್, ಬರ್ತ್ ಸರ್ಟಿಫಿಕೇಟೂ ಒಂದೇ ಫೈಲಲ್ಲಿ, ಹ್ಯಾಂಡ್ ಲಗೇಜಲ್ಲಿ.

ವಿನೋಬನಗರದಮ್ಮ

ತುಂಬಾ ಥ್ಯಾಂಕ್ಸ್. ಮಗಳ ತಾಯಿ ಕಾರ್ಡ್ ಸಿಕ್ತು, ಮಗಂದು ತವರು ಮನೇಲಿದೆ ಅನ್ಸತ್ತೆ, ಅಮ್ಮಂಗೆ ಫೋನ್ ಮಾಡಿದೀನಿ. ಇವ್ರು ಇನ್ನೂ ಸೈನ್ ಹಾಕಿಲ್ಲ, ಫೀಸ್ ವಿಷ್ಯ ನಾಳೆನೇ ಎಚ್‌ಆರ್‌ಗೆ ಕೇಳ್ತಾರಂತೆ. ಕೊಡಲ್ಲ ಅಂದ್ರೆ ಸರ್ಕಾರಿ ಸ್ಕೂಲೇ, ಮಗಳಿಗೆ ಇವತ್ತಿಂದ್ಲೇ ಜರ್ಮನ್ ಶುರು ಮಾಡಿಸ್ಬೇಕು. ಶಿವಮೊಗ್ಗದಲ್ಲಿ ಮಕ್ಕಳಿಗೆ ಜರ್ಮನ್ ಹೇಳ್ಕೊಡೋರು ಯಾರಾದ್ರೂ ಇದಾರಾ, ಇಲ್ಲ ಆನ್‌ಲೈನೇ ಗತಿನಾ?