ಡ್ರೈವ್ ಲೈಕ್ ಜೇಹು ‘ಯಾಂಕ್ ಕ್ರೈಮ್’: ಇನ್ನೊಂದ್ಸಲ ಕೇಳೋದಾದ್ರೆ ಹೇಗೆ ಕೇಳ್ಬೇಕು?

ಸದ್ದುಗಳ್ಳ
ಫುಗಾಜಿ, ಅಟ್ ದಿ ಡ್ರೈವ್-ಇನ್ ಬ್ಯಾಂಡ್‌ಗಳೆಲ್ಲಾ ನಂಗೆ ಬಾಯಿಪಾಠ, ಪೋಸ್ಟ್-ಹಾರ್ಡ್‌ಕೋರ್ (ಹಾರ್ಡ್‌ಕೋರ್ ಪಂಕ್‌ನಿಂದ ಬೆಳೆದ ರಾಕ್) ಹೊಸದೇನಲ್ಲ. ಯಾರು ಲಿಸ್ಟ್ ಹಾಕಿದ್ರೂ ಮಧ್ಯದಲ್ಲೆಲ್ಲೋ ಡ್ರೈವ್ ಲೈಕ್ ಜೇಹು ಬ್ಯಾಂಡ್‌ನ ‘ಯಾಂಕ್ ಕ್ರೈಮ್’ ಅನ್ನೋ ಈ 1994ರ ಆಲ್ಬಂ ಹೆಸರು ಬರತ್ತೆ, ಆದ್ರೆ ಅದ್ರಲ್ಲಿ ಏನಿದೆ ಅಂತ ಯಾರೂ ಬಿಡಿಸಿ ಹೇಳಲ್ಲ, ಹೆಸರು ಹೇಳಿ ಮುಂದಕ್ಕೆ ಹೋಗ್ಬಿಡ್ತಾರೆ. ಸರಿ ಅಂತ ಹಾಕಿದ್ರೆ ‘ಲುವಾವ್’ ಅನ್ನೋ ಹಾಡು ಬರೋ ಹೊತ್ತಿಗೇ ಸುಸ್ತು. ಒಂಬತ್ತು ನಿಮಿಷ ದಾಟಿದ್ರೂ ಅದೇ ರಿಫ್ (ಗಿಟಾರ್ ತುಣುಕು) ಬಡೀತಾನೇ ಇದಾರೆ, ಮೇಲೆ ಹಾಡೋ ರಿಕ್ ಫ್ರೋಬರ್ಗ್ ಗಂಟಲು ಹರ್ಕೊಳ್ತಿದಾನೆ, ಒಂದು ಪದ ಅರ್ಥ ಆದ್ರೆ ಕೇಳಿ. ಅಲ್ಲಿಗೇ ಆಫ್ ಮಾಡ್ದೆ. ಬಿಟ್ಬಿಡೋದಾ, ಇಲ್ಲಾ ಇದಕ್ಕೆ ಬೇರೆ ದಾರಿ ಏನಾದ್ರೂ ಇದ್ಯಾ?

ಕಿಕ್‌ಡ್ರಮ್
ಬಿಡ್ಬೇಡಿ ಗುರು. ವಾಯ್ಸ್ ಹಿಡ್ಕೊಂಡು ಹೋದ್ರೆ ಈ ಆಲ್ಬಂ ಕೈಗೆ ಸಿಗಲ್ಲ, ಡ್ರಮ್ಸ್ ಹಿಡ್ಕೊಳ್ಳಿ. ಮಾರ್ಕ್ ಟ್ರಾಂಬಿನೋ ಬಾರ್ಸೋದು ಕೇಳಿ ಒಂದ್ಸಲ, ಗಿಟಾರ್‌ನವ್ರು ಎಲ್ಲಿ ನಿಲ್ಲಿಸ್ತಾರೆ ಎಲ್ಲಿ ಮತ್ತೆ ಮುಗಿಬೀಳ್ತಾರೆ ಅನ್ನೋದು ಅವನಿಗೆ ಮೊದ್ಲೇ ಗೊತ್ತು, ನಮಗೆ ಗೊತ್ತಿಲ್ಲ ಅಷ್ಟೇ. ಈ ಟ್ರಾಂಬಿನೋನೇ ಆಮೇಲೆ ಪ್ರೊಡ್ಯೂಸರ್ ಆಗಿ ಬ್ಲಿಂಕ್-182ದು ‘ಡ್ಯೂಡ್ ರಾಂಚ್’ (1997), ಜಿಮ್ಮಿ ಈಟ್ ವರ್ಲ್ಡ್‌ದು ‘ಕ್ಲಾರಿಟಿ’ (1999) ಮಾಡಿದ್ದು, ಇದನ್ನ ಕೇಳಿ ಅದನ್ನ ಕೇಳಿದ್ರೆ ಅವನೇ ಇವನಾ ಅನ್ಸತ್ತೆ.

ಗಿಟಾರ್ ವಿಷಯಕ್ಕೆ ಬಂದ್ರೆ ಫ್ರೋಬರ್ಗ್ ಒಂದು ಕಡೆ, ಜಾನ್ ರೀಸ್ ಇನ್ನೊಂದು ಕಡೆ. ಒಬ್ಬ ರಿದಮ್ ಒಬ್ಬ ಲೀಡ್ ಅನ್ನೋ ಲೆಕ್ಕಾನೇ ಇಲ್ಲ ಇಲ್ಲಿ, ಆಸ್ತಿ ಜಗಳದಲ್ಲಿರೋ ಅಣ್ಣತಮ್ಮಂದ್ರ ಥರ ಇಬ್ರೂ ಒಂದೇ ಜಾಗಕ್ಕೆ ಗುದ್ದಾಡ್ತಿರ್ತಾರೆ, ಆದ್ರೆ ಬೇಕಾದ ಕಡೆ ಪಟ್ ಅಂತ ಒಟ್ಟಿಗೆ ಬಂದು ನಿಲ್ತಾರೆ. ‘ಡು ಯು ಕಂಪ್ಯೂಟ್’ನಲ್ಲಿ ಇದು ಚೆನ್ನಾಗಿ ಗೊತ್ತಾಗತ್ತೆ. ಸ್ಪೀಡ್ ಕಮ್ಮಿ, ನಾಲ್ಕು ಸ್ವರ ಇಟ್ಕೊಂಡು ಎಳೀತಾ ಎಳೀತಾ ಹೋಗ್ತಾರೆ, ಈಗ ಒಡಿಯತ್ತೆ ಈಗ ಒಡಿಯತ್ತೆ ಅಂತ ನಾವು ಕಾಯ್ತಾ ಇದ್ರೆ ಅವ್ರು ಒಡಿಯಕ್ಕೆ ಬಿಡೋದೇ ಇಲ್ಲ. ಅದು ಇಷ್ಟ ಆದ್ರೆ ‘ಲುವಾವ್’ ತಾನಾಗೇ ಇಷ್ಟ ಆಗತ್ತೆ, ಅಲ್ಲೂ ಅದೇ ಆಟ, ಇನ್ನೂ ಹಟ ಜಾಸ್ತಿ ಅಷ್ಟೇ.

ಮೂರುನಿಮಿಷ
ನಾನು ಸ್ವಲ್ಪ ಉಲ್ಟಾ ಹೇಳ್ತೀನಿ, ಬೈಬೇಡಿ. ಒಂಬತ್ತು ಹಾಡಿಗೆ ಐವತ್ತು ನಿಮಿಷ ಮೇಲೆ ಬೇಕಾ? ‘ಗೋಲ್ಡನ್ ಬ್ರೌನ್’, ‘ಹ್ಯೂಮನ್ ಇಂಟರೆಸ್ಟ್’ ಎರಡೂ ಮೂರು ಚಿಲ್ರೆ ನಿಮಿಷದಲ್ಲಿ ಹೇಳೋದೆಲ್ಲಾ ಹೇಳಿ ಮುಗಿಸ್ತವೆ, ಬ್ಯಾಂಡ್‌ನ ಬೆಸ್ಟ್ ಅಲ್ಲೇ ಇದೆ. ಉದ್ದ ಹಾಡುಗಳಲ್ಲಿ ಅರ್ಧ ಬರೀ ಹಟ. ಫ್ರೋಬರ್ಗ್, ರೀಸ್ ಇಬ್ರೂ ಆಮೇಲೆ ‘ಹಾಟ್ ಸ್ನೇಕ್ಸ್’ ಕಟ್ಟಿ ಅದೇ ಕೋಪನ ಚಿಕ್ಕ ಹಾಡುಗಳಿಗೆ ಇಳಿಸಿದ್ರಲ್ಲ, ನಂಗೆ ಅದೇ ಸಾಕು.

ಕಿಕ್‌ಡ್ರಮ್
ಹಾಟ್ ಸ್ನೇಕ್ಸ್ ಸೂಪರ್, ಇಲ್ಲ ಅನ್ನಲ್ಲ. ಆದ್ರೆ ಈ ಆಲ್ಬಂನ ‘ಸೂಪರ್ ಯೂನಿಸನ್’ ಥರದ ಹಾಡು ಅಲ್ಲಿ ಸಿಗಲ್ಲ ಮಾರಾಯ. ಅಷ್ಟೆಲ್ಲಾ ರಂಪ ಮಾಡಿ ಅರ್ಧ ಆದ್ಮೇಲೆ ತಣ್ಣಗಾಗತ್ತಲ್ಲ, ಆ ತಣ್ಣಗಾಗೋದು ಹೊಟ್ಟೆಗೆ ಹೋಗ್ಬೇಕಂದ್ರೆ ಮುಂಚೆ ಅಷ್ಟು ಹೊತ್ತು ತಲೆ ತಿಂದಿರ್ಬೇಕು. ಮೂರು ನಿಮಿಷದಲ್ಲಿ ಅದನ್ನ ಮಾಡಕ್ಕಾಗಲ್ಲ.

ಹಳೇಕ್ಯಾಸೆಟ್
ಯಾಕೆ ಯಾರೂ ತಲೆ ಕೆಡಿಸ್ಕೊಳ್ಲಿಲ್ಲ ಅಂತಾನೂ ಹೇಳ್ಬೇಕಲ್ಲ. ಇವ್ರು ಸ್ಯಾನ್ ಡಿಯಾಗೋದವ್ರು, 1991ರಲ್ಲಿ ಮೊದಲ ಆಲ್ಬಂ ಸಣ್ಣ ಲೇಬಲ್‌ನಲ್ಲಿ ಬಂತು, ಎರಡನೇದು ಇದು ಇಂಟರ್‌ಸ್ಕೋಪ್ ಅನ್ನೋ ದೊಡ್ಡ ಲೇಬಲ್‌ನಲ್ಲಿ, ರೀಸ್‌ನ ಇನ್ನೊಂದು ಬ್ಯಾಂಡ್ ರಾಕೆಟ್ ಫ್ರಮ್ ದಿ ಕ್ರಿಪ್ಟ್ ಇತ್ತಲ್ಲ ಅದೂ ಅಲ್ಲೇ. ಅದೇ ವರ್ಷ ಗ್ರೀನ್ ಡೇ ‘ಡೂಕಿ’, ಆಫ್‌ಸ್ಪ್ರಿಂಗ್ ‘ಸ್ಮ್ಯಾಶ್’ ಎರಡೂ ಬಂದಿದ್ವು, ಪಂಕ್ ಅಂದ್ರೆ ಎಲ್ರೂ ಗುನುಗೋ ಹಾಡು ಅಂತ ಆಗಿದ್ದ ಟೈಮಲ್ಲಿ ಇದನ್ನ ಯಾವ ರೇಡಿಯೋದವ್ನು ಹಾಕ್ತಾನೆ? ಸ್ವಲ್ಪ ದಿನಕ್ಕೇ ಬ್ಯಾಂಡೂ ನಿಂತ್ಹೋಯ್ತು, ಮೂರನೇ ಆಲ್ಬಂ ಬರ್ಲೇ ಇಲ್ಲ. 2014ರಲ್ಲಿ ಮತ್ತೆ ಸೇರಿದ್ದು ಎಲ್ಲಿ ಗೊತ್ತಾ, ಅವ್ರ ಊರಿನ ಬಾಲ್ಬೋವಾ ಪಾರ್ಕ್‌ನಲ್ಲಿ ಬಯಲಲ್ಲೇ ಇರೋ ದೊಡ್ಡ ಪೈಪ್ ಆರ್ಗನ್ ಜೊತೆ! ಇವ್ರ ಗಲಾಟೆಗೆ ಆ ಆರ್ಗನ್, ಇದಕ್ಕಿಂತ ಹುಚ್ಚು ಬೇಕಾ. 2023ರಲ್ಲಿ ಫ್ರೋಬರ್ಗ್ ತೀರ್ಕೊಂಡ, 55 ವಯಸ್ಸು ಅಷ್ಟೇ. ಈ ಆಲ್ಬಂನ ಕವರ್ ಚಿತ್ರನೂ ಅವನದೇ ಕೈ.

ಪದ ಅರ್ಥ ಆಗಲ್ಲ ಅಂದ್ರಲ್ಲ, ಎಲ್ಲಾ ಅರ್ಥ ಆಗೋದೂ ಬೇಡ. ಮೊದಲ ಹಾಡಿನ ಹೆಸರಲ್ಲಿರೋ ‘ರೋಮ್ ಪ್ಲೌ’ ಅಂದ್ರೆ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕನ್ ಸೇನೆ ಕಾಡು ನೆಲಸಮ ಮಾಡಕ್ಕೆ ಇಟ್ಕೊಂಡಿದ್ದ ಬುಲ್ಡೋಜರ್. ಅದೊಂದು ತಲೇಲಿಟ್ಕೊಂಡು ಆ ಹಾಡು ಹಾಕಿ ನೋಡಿ, ಗಿಟಾರ್ ಯಾಕೆ ಹಾಗೆ ಮೈಮೇಲೆ ಬರತ್ತೆ ಅಂತ ಯಾರೂ ಹೇಳೋದು ಬೇಡ.

ಸದ್ದುಗಳ್ಳ
ಬುಲ್ಡೋಜರ್ ವಿಷಯ ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್ ಸಾರ್. ಡ್ರಮ್ಸ್ ಮೇಲೆ ಕಿವಿ ಇಟ್ಟು ‘ಡು ಯು ಕಂಪ್ಯೂಟ್’ ಈಗಷ್ಟೇ ಕೇಳ್ದೆ, ಬೇರೆ ಹಾಡೇ ಅನ್ನಿಸ್ತು. ‘ಲುವಾವ್’ ಮಾತ್ರ ಇನ್ನೂ ಡೌಟು. ಅಂದಹಾಗೆ ಒಂದು ಕಡೆ ಹನ್ನೆರಡು ಹಾಡು ತೋರಿಸ್ತಿದೆ, ಅದ್ಯಾಕೆ?

ಹಳೇಕ್ಯಾಸೆಟ್
ಅದು ರೀಸ್‌ನ ಸ್ವಂತ ಲೇಬಲ್ ಸ್ವಾಮಿ 2002ರಲ್ಲಿ ತಂದ ರೀಇಶ್ಯೂ. 1992ರ ಸಿಂಗಲ್‌ನ ಎರಡು ಹಾಡು, ಜೊತೆಗೆ ಆಲ್ಬಂನ ಕೊನೇ ಹಾಡು ‘ಸಿನ್ಯೂಸ್’ನ ಹಳೇ ವರ್ಷನ್ ಸೇರ್ಸಿದಾರೆ. ‘ಬುಲೆಟ್ ಟ್ರೇನ್ ಟು ವೇಗಸ್’ ಅದ್ರಲ್ಲೇ ಇದೆ, ಮೂರುನಿಮಿಷ ಅವ್ರಿಗೆ ಹೇಳಿ ಮಾಡ್ಸಿದ ಹಾಡು. ನೀವು ಮಾತ್ರ ಒಂಬತ್ತನೇದಕ್ಕೆ ನಿಲ್ಲಿಸಿ, ಎಕ್ಸ್‌ಟ್ರಾ ಮೂರು ಇನ್ನೊಂದಿನ ಕೇಳಿ.

ಮೂರುನಿಮಿಷ
ಅದೊಂದಕ್ಕೆ ನಂದೂ ಒಪ್ಗೆ ಇದೆ.