ಪಾಪ್‌ಅಪ್ ನಿಲ್ಲುತ್ತಿಲ್ಲ, ಪೆನ್‌ಡ್ರೈವ್‌ನಲ್ಲಿ ಬರೀ ಶಾರ್ಟ್‌ಕಟ್: ಯಾವ ಆಂಟಿವೈರಸ್ ಕೊಳ್ಳಲಿ?

ಬೆಣ್ಣೆನಗರಿ_ಟೀಚರ್:
ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆಯಲ್ಲಿರುವುದು ಹಳೆಯ ಲ್ಯಾಪ್‌ಟಾಪ್: ಐ3, 5ನೇ ಜನರೇಷನ್, 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್, ವಿಂಡೋಸ್ 10. ಪ್ರಶ್ನೆಪತ್ರಿಕೆಯನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಜೆರಾಕ್ಸ್ ಅಂಗಡಿಗೆ ಒಯ್ದು ಪ್ರಿಂಟ್ ಹಾಕಿಸುತ್ತೇನೆ.

ಈಗ ಪೆನ್‌ಡ್ರೈವ್ ತೆರೆದರೆ ಫೈಲ್‌ಗಳೇ ಇಲ್ಲ, ಒಂದೇ ಒಂದು ಶಾರ್ಟ್‌ಕಟ್ ಕಾಣುತ್ತದೆ. ಪರದೆಯ ಬಲಮೂಲೆಯಲ್ಲಿ "ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ, ಈಗಲೇ ನವೀಕರಿಸಿ" ಎಂದು ಇಂಗ್ಲಿಷಿನಲ್ಲಿ ಗಳಿಗೆಗೊಮ್ಮೆ ಬರುತ್ತಿದೆ. ಲ್ಯಾಪ್‌ಟಾಪ್ ಜೊತೆ ಬಂದ ಆಂಟಿವೈರಸ್‌ನ ಅವಧಿ ಮುಗಿದಿದೆ. ಅಕ್ಕನ ಮಗ ಇನ್ನೊಂದು ಉಚಿತದ್ದನ್ನು ಹಾಕಿಕೊಟ್ಟ. ಅಂದಿನಿಂದ ಮೆಷಿನ್ ತೆವಳುತ್ತಿದೆ. ದುಡ್ಡು ಕೊಟ್ಟು ಒಳ್ಳೆಯದೊಂದನ್ನು ತೆಗೆದುಕೊಳ್ಳೋಣ ಅಂತಿದ್ದೇನೆ. ಯಾವುದು ಒಳ್ಳೆಯದು?

ಮಲೆನಾಡ_ಮೌಸ್:
ಮೇಡಂ, ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಒಂದು ವಿಷಯ ಹೇಳಿ: ಆ ಪಾಪ್‌ಅಪ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಗೂಗಲ್ ಕ್ರೋಮ್ ಅಂತ, ಜೊತೆಗೆ ಯಾವುದೋ ಜಾಲತಾಣದ ಹೆಸರು ಇದೆಯಾ?

ಬೆಣ್ಣೆನಗರಿ_ಟೀಚರ್:
ಹೌದು ಸರ್, ಇದೆ! ಓದಲಿಕ್ಕೂ ಬಾರದಂಥ ಹೆಸರು.

ಮಲೆನಾಡ_ಮೌಸ್:
ಹಾಗಾದರೆ ಅದು ಆಂಟಿವೈರಸ್ ಕೊಡುತ್ತಿರುವ ಎಚ್ಚರಿಕೆಯಲ್ಲ. ಯಾವುದೋ ಪುಟದಲ್ಲಿ "ನೀವು ರೋಬೋ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಅಂದಾಗ ಒತ್ತಿರುತ್ತಾರೆ. ಅಲ್ಲಿಂದ ಆ ತಾಣಕ್ಕೆ ನೋಟಿಫಿಕೇಷನ್ ಕಳಿಸುವ ಅನುಮತಿ ಸಿಕ್ಕಿಬಿಡುತ್ತದೆ. ಹೆಸರಾಂತ ಕಂಪನಿಗಳ ಲೋಗೋ ಹಾಕಿಕೊಂಡು ಹೆದರಿಸುವುದೇ ಇವರ ಕಸುಬು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಷನ್ಸ್ ತೆರೆಯಿರಿ. ಗುರುತು ಪರಿಚಯವಿಲ್ಲದ ತಾಣಗಳನ್ನೆಲ್ಲ ತೆಗೆದುಹಾಕಿ. ಪಾಪ್‌ಅಪ್ ಅಲ್ಲಿಗೆ ನಿಲ್ಲುತ್ತದೆ. ಅದರ ಮೇಲೆ ಒತ್ತಿ ಮಾತ್ರ ಏನನ್ನೂ ಕೊಳ್ಳಬೇಡಿ, ಕಾರ್ಡ್ ನಂಬರ್ ಹಾಕಬೇಡಿ.

ಎರಡನೆಯದು ನಿಧಾನದ ಸಮಸ್ಯೆ. ನೀವು ತೆರೆಯುವ ಪ್ರತಿ ಫೈಲನ್ನೂ ಎರಡು ಆಂಟಿವೈರಸ್ ತಡೆದು ಪರೀಕ್ಷೆ ಮಾಡುತ್ತಿವೆ. 4 ಜಿಬಿ ಮೆಷಿನ್‌ಗೆ ಇದು ತಡೆಯಲಾಗದ ಹೊರೆ. ಎರಡನ್ನೂ ಅನ್‌ಇನ್‌ಸ್ಟಾಲ್ ಮಾಡಿ. ಪೂರ್ತಿ ಹೋಗದಿದ್ದರೆ ಆಯಾ ಕಂಪನಿಯೇ ತನ್ನ ತಾಣದಲ್ಲಿ ರಿಮೂವಲ್ ಟೂಲ್ ಕೊಡುತ್ತದೆ. ವಿಂಡೋಸ್ 10ರಲ್ಲೂ 11ರಲ್ಲೂ ಮೈಕ್ರೋಸಾಫ್ಟ್ ಡಿಫೆಂಡರ್ ಮೊದಲೇ ಇರುತ್ತದೆ. ಬೇರೆ ಆಂಟಿವೈರಸ್ ಹಾಕಿದಾಗ ಅದು ತಾನಾಗಿ ಹಿಂದೆ ಸರಿಯುತ್ತದೆ, ಬೇರೆಯದನ್ನು ತೆಗೆದರೆ ಮತ್ತೆ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾಡಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ರಿಯಲ್ ಟೈಮ್ ಪ್ರೊಟೆಕ್ಷನ್ ಆನ್ ಇದೆಯಾ ನೋಡಿ. ಆಮೇಲೆ ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ ಆಫ್‌ಲೈನ್ ಸ್ಕ್ಯಾನ್ ಕೊಡಿ. ವಿಂಡೋಸ್ ಪೂರ್ತಿ ಏಳುವ ಮುಂಚೆಯೇ ಇದು ಹುಡುಕುವುದರಿಂದ ಸೇರಿಕೊಂಡಿರುವ ವೈರಸ್‌ಗೆ ತಪ್ಪಿಸಿಕೊಳ್ಳುವುದು ಕಷ್ಟವಾಗುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ, ನಿಮ್ಮ ಡಿಸ್ಕ್‌ಗೆ ಇನ್ನೂ ಹೆಚ್ಚಾಗಬಹುದು.

ಪೆನ್‌ಡ್ರೈವ್‌ನ ಫೈಲ್‌ಗಳು ಎಲ್ಲೂ ಹೋಗಿಲ್ಲ, ಗಾಬರಿಯಾಗಬೇಡಿ. ಈ ಜಾತಿಯ ವೈರಸ್ ಅವನ್ನೆಲ್ಲ ಹೆಸರೇ ಇಲ್ಲದ ಒಂದು ಅಡಗಿಸಿಟ್ಟ ಫೋಲ್ಡರ್‌ಗೆ ತಳ್ಳಿ, ಮುಂದೆ ಒಂದು ಶಾರ್ಟ್‌ಕಟ್ ಇಡುತ್ತದೆ. ಅದನ್ನು ಡಬಲ್ ಕ್ಲಿಕ್ ಮಾಡಿದರೆ ನಿಮ್ಮ ಫೋಲ್ಡರ್ ಜೊತೆಗೇ ವೈರಸ್ಸೂ ಓಡುತ್ತದೆ. ಹಾಗಾಗಿ ಶಾರ್ಟ್‌ಕಟ್ ಮುಟ್ಟಬೇಡಿ. ಮೊದಲು ಲ್ಯಾಪ್‌ಟಾಪ್ ಶುದ್ಧವಾಗಲಿ. ಆಮೇಲೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್‌ಗಳನ್ನು ತೋರಿಸು ಅನ್ನಿ, "ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಮುಂದಿನ ಟಿಕ್ಕನ್ನೂ ತೆಗೆಯಿರಿ. ಮಬ್ಬಾಗಿ ಒಂದು ಫೋಲ್ಡರ್ ಕಾಣುತ್ತದೆ. ಅದರೊಳಗಿಂದ ನಿಮ್ಮ ಡಾಕ್ಯುಮೆಂಟ್‌ಗಳನ್ನಷ್ಟೇ ಕಾಪಿ ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ಹುಬ್ಬಳ್ಳಿ_ಹಾರ್ಡ್‌ವೇರ್:
ಡಿಫೆಂಡರ್ ಸಾಕು ಅನ್ನೋದು ಎಲ್ಲರಿಗೂ ಒಪ್ಪೋ ಮಾತಲ್ಲರೀ. ನಮ್ಮ ಅಪ್ಪಾರಂಥವರಿಗೆ ಏನಾರ ಆದ್ರ ಫೋನ್ ಮಾಡಿ ಕೇಳಾಕ ಒಬ್ಬರು ಬೇಕು. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವು, ಅಂಥ ಸಹಾಯಕ್ಕೆ ದುಡ್ಡು ಕೊಡೋದು ತಪ್ಪಲ್ಲ. ಕೊಳ್ಳೋದೇ ಆದ್ರ ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ವರದಿ ನೋಡ್ರಿ. ಎಷ್ಟು ವೈರಸ್ ಹಿಡೀತು ಅನ್ನೋದರ ಜೊತಿಗೆ ಮೆಷಿನ್ ಎಷ್ಟು ನಿಧಾನ ಆತು ಅಂತನೂ ಅವರು ಅಳೀತಾರ. ಆಟೋ ರಿನ್ಯೂವಲ್ ಮೊದಲ ಬಂದ್ ಮಾಡ್ರಿ, ಎರಡನೇ ವರ್ಷದ ರೇಟು ಬ್ಯಾರೇನ ಇರ್ತದ.

ಮಲೆನಾಡ_ಮೌಸ್:
ಸಹಾಯಕ್ಕಾಗಿ ಕೊಳ್ಳುವುದಕ್ಕೆ ನನ್ನ ತಕರಾರಿಲ್ಲ ಅಣ್ಣ. ಆದರೆ ಮೇಡಂ ಅವರ ಮೆಷಿನ್‌ಗೆ ಆ ದುಡ್ಡಿನ ಮೇಲೆ ಇನ್ನಷ್ಟು ಸೇರಿಸಿ, ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದರೆ ಹೆಚ್ಚು ಉಪಯೋಗ. ಇನ್ನೊಂದು ತುರ್ತು ಕೆಲಸವೂ ಇದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 5ನೇ ಜನರೇಷನ್ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗಿನ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಹೆಸರು ನೋಂದಾಯಿಸಬಹುದು. 2017ರ ಮೇನಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಬಂದಾಗ, ಅದು ಬಳಸಿದ ತೂತನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಪ್‌ಡೇಟ್ ಬಿಟ್ಟು ಆಂಟಿವೈರಸ್ ಒಂದನ್ನೇ ನಂಬಬೇಡಿ.

ಕಂಪೋಸಿಂಗ್_ಕಮಲ:
ನಾನು ಡಿಟಿಪಿ ಕೆಲಸ ಮಾಡುವವಳು, ಅಂಗಡಿ ಕಡೆಯಿಂದ ಒಂದು ಮಾತು. ದಿನವಿಡೀ ಯಾರ‍್ಯಾರದೋ ಪೆನ್‌ಡ್ರೈವ್ ನಮ್ಮ ಮೆಷಿನ್‌ಗೆ ಬೀಳುತ್ತದೆ. ಬೇರೆಯವರಿಗಾದರೆ ಮೇಲ್ ಮಾಡಿ ಅಂತೇವೆ, ಪ್ರಶ್ನೆಪತ್ರಿಕೆಯನ್ನು ಹಾಗೆ ಕಳಿಸುವಂತಿಲ್ಲ, ಗೊತ್ತು. ಪಿಡಿಎಫ್ ಮಾಡಿ ತನ್ನಿ ಟೀಚರ್, ನಮ್ಮಲ್ಲಿ ಆ ನುಡಿ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಕೆಡುವುದಿಲ್ಲ. ಪೆನ್‌ಡ್ರೈವ್ ಬದಲು ಕಾರ್ಡ್ ರೀಡರ್‌ನಲ್ಲಿ ದೊಡ್ಡ ಎಸ್‌ಡಿ ಕಾರ್ಡ್ ಹಾಕಿಕೊಂಡು ಬನ್ನಿ. ಕಾರ್ಡಿನ ಎಡಪಕ್ಕದಲ್ಲಿ ಉಗುರಿನಿಂದ ಜಾರಿಸುವ ಪುಟ್ಟ ಲಾಕ್ ಇರುತ್ತದೆ. ಅದನ್ನು ಕೆಳಕ್ಕೆ ಎಳೆದರೆ ಬಹುತೇಕ ರೀಡರ್‌ಗಳಲ್ಲಿ ಓದಬಹುದು, ಏನನ್ನೂ ಬರೆಯಲಾಗದು. ಅಂಗಡಿಯ ವೈರಸ್ ನಿಮ್ಮ ಮನೆಗೆ ಬರುವುದಿಲ್ಲ.

ಬೆಣ್ಣೆನಗರಿ_ಟೀಚರ್:
ಪಾಪ್‌ಅಪ್ ನಿಂತಿತು, ಫೈಲ್‌ಗಳೂ ಸಿಕ್ಕವು! ಎಲ್ಲರಿಗೂ ತುಂಬಾ ಧನ್ಯವಾದ. ಆದರೆ ಎರಡು ಅನುಮಾನ ಉಳಿದಿವೆ. ತೆಗೆದುಹಾಕುವ ಮುಂಚೆ ಹಳೆಯ ಆಂಟಿವೈರಸ್ ನುಡಿಯ ಫೈಲೊಂದನ್ನು ವೈರಸ್ ಇರಬಹುದೆಂದು ಕ್ವಾರಂಟೈನ್ ಮಾಡಿ ಪ್ರತ್ಯೇಕವಾಗಿ ಇಟ್ಟಿತ್ತು, ಈಗ ನುಡಿ ತೆರೆಯುತ್ತಿಲ್ಲ. ಮತ್ತೆ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ಸ್ ಪಟ್ಟಿಯಲ್ಲಿ ಇಡೀ ಸಿ ಡ್ರೈವ್ ಇದೆ. ನಾನಂತೂ ಹಾಕಿಲ್ಲ. ಅಕ್ಕನ ಮಗನನ್ನು ಕೇಳಿದರೆ, ಆಫೀಸ್ ಆಕ್ಟಿವೇಟ್ ಮಾಡುವಾಗ ಡಿಫೆಂಡರ್ ಆಫ್ ಮಾಡಬೇಕಿತ್ತು ಅಂದ.

ಮಲೆನಾಡ_ಮೌಸ್:
ಎರಡನೆಯದೇ ದೊಡ್ಡ ವಿಷಯ ಮೇಡಂ. ಎಕ್ಸ್‌ಕ್ಲೂಷನ್ ಅಂದರೆ ಆ ಜಾಗವನ್ನು ನೋಡಬೇಡ ಎಂದು ಡಿಫೆಂಡರ್‌ಗೆ ಹೇಳಿದಂತೆ. ಇಡೀ ಸಿ ಡ್ರೈವ್ ಬಿಟ್ಟರೆ ಸ್ಕ್ಯಾನ್ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಆ ಸಾಲನ್ನು ಅಳಿಸಿ, ದುಡ್ಡು ಕೊಡದೆ ಆಫೀಸ್ ಓಡಿಸಲು ಹಾಕಿದ ಆ ಆಕ್ಟಿವೇಟರನ್ನೂ ಕಳ್ಳ ಆಫೀಸನ್ನೂ ತೆಗೆದು ಫುಲ್ ಸ್ಕ್ಯಾನ್ ಮತ್ತು ಆಫ್‌ಲೈನ್ ಸ್ಕ್ಯಾನ್ ಎರಡನ್ನೂ ಮತ್ತೆ ಮಾಡಿ. ಅಳಿಸಿದ ಮೇಲೂ ಆ ಸಾಲು ತಾನಾಗಿ ವಾಪಸ್ ಬಂದರೆ ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ಸರಿ. ಬರೆಯುವ ಕೆಲಸಕ್ಕೆ ಲಿಬ್ರೆಆಫೀಸ್ ಉಚಿತ, ನುಡಿಯಲ್ಲಿ ಯೂನಿಕೋಡ್ ಆಗಿ ಟೈಪಿಸಿದ್ದು ಅದರಲ್ಲಿ ಚೆನ್ನಾಗಿಯೇ ತೆರೆಯುತ್ತದೆ.

ನುಡಿಯ ಆ ಫೈಲನ್ನು ಹಳೆಯ ಕಾಪಿಯಿಂದ ತರಬೇಡಿ. ಕೀಬೋರ್ಡ್ ಒತ್ತುವುದನ್ನು ಗಮನಿಸುವ ತಂತ್ರಾಂಶಗಳನ್ನು ಆಂಟಿವೈರಸ್‌ಗಳು ಕೆಲವೊಮ್ಮೆ ಸುಮ್ಮನೆ ಅನುಮಾನಿಸುತ್ತವೆ, ಆದರೆ ನಿಮ್ಮ ಮೆಷಿನ್‌ನಲ್ಲಿ ನಿಜಕ್ಕೂ ವೈರಸ್ ಇತ್ತು. ಕನ್ನಡ ಗಣಕ ಪರಿಷತ್ತಿನ ತಾಣದಿಂದ ಹೊಸದಾಗಿ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಮಾಡುವ ಆ ಫೈಲನ್ನು, ಹಲವು ಆಂಟಿವೈರಸ್‌ಗಳಿಂದ ಒಟ್ಟಿಗೆ ಪರೀಕ್ಷಿಸುವ ವೈರಸ್‌ಟೋಟಲ್ ತಾಣದಲ್ಲಿ ಹಾಕಿ ನೋಡಬಹುದು. ಪ್ರಶ್ನೆಪತ್ರಿಕೆಯನ್ನು ಮಾತ್ರ ಅಲ್ಲಿಗೆ ಹಾಕಬೇಡಿ, ಅಲ್ಲಿ ಹಾಕಿದ್ದು ಬೇರೆಯವರ ಕೈಗೂ ಸಿಗುತ್ತದೆ.

ಬೆಣ್ಣೆನಗರಿ_ಟೀಚರ್:
ಆಯ್ತು ಸರ್, ಇವತ್ತೇ ಮಾಡುತ್ತೇನೆ. ಇದೇ ಲ್ಯಾಪ್‌ಟಾಪ್‌ನಲ್ಲಿ ನೆಟ್‌ಬ್ಯಾಂಕಿಂಗ್ ಕೂಡ ಮಾಡುತ್ತಿದ್ದೆ. ಪಾಸ್‌ವರ್ಡ್ ಕ್ರೋಮ್‌ನಲ್ಲೇ ಸೇವ್ ಆಗಿದೆ.

ಮಲೆನಾಡ_ಮೌಸ್:
ಹಾಗಿದ್ದರೆ ಬೇರೆಲ್ಲದಕ್ಕಿಂತ ಮುಂಚೆ, ಫೋನ್‌ನಿಂದ ಬ್ಯಾಂಕ್ ಮತ್ತು ಜಿಮೇಲ್ ಪಾಸ್‌ವರ್ಡ್ ಬದಲಿಸಿ. ಆಕ್ಟಿವೇಟರ್ ಜೊತೆ ಬರುವ ಕಳ್ಳ ಪ್ರೋಗ್ರಾಂಗಳು ಮೊದಲು ಕದಿಯುವುದೇ ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳನ್ನು. ಜಿಮೇಲ್‌ನಲ್ಲಿ ಎಲ್ಲ ಡಿವೈಸ್‌ನಿಂದ ಸೈನ್‌ಔಟ್ ಮಾಡಿ, ಟೂ ಸ್ಟೆಪ್ ವೆರಿಫಿಕೇಷನ್ ಹಾಕಿ. ಸ್ಟೇಟ್‌ಮೆಂಟ್ ಒಮ್ಮೆ ಪೂರ್ತಿ ನೋಡಿ. ನಿಮ್ಮದಲ್ಲದ ವಹಿವಾಟು ಒಂದು ಕಂಡರೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮತ್ತು ಬ್ಯಾಂಕಿಗೆ ಫೋನ್ ಮಾಡಿ. ಎರಡೂ ಸ್ಕ್ಯಾನ್ ಮುಗಿದ ಮೇಲೆ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಬಂದ ಹೆಸರುಗಳನ್ನು ಇಲ್ಲಿ ಬರೆಯಿರಿ, ಮುಂದಿನದನ್ನು ನೋಡೋಣ.